ದೊಡ್ಡ ಸಂಪಿಗೆ ಎಲ್ಲವನ್ನೂ ನೋಡಿದೆಯೇ? ಕಥೆಯ ಮರ, ಕಾಡಿನ ಮರ ಮತ್ತು ಕಾಲ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಾದರೆ ನಿಮ್ಮ ವಾಟ್ಸಾಪ್ ಗ್ರೂಪಿಗೂ ಈ ಫೋಟೋ ಬಂದಿರಬಹುದು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ, ಭಾರ್ಗವಿ ಹೊಳೆಯ ದಡದಲ್ಲಿ ನಿಂತ ದೊಡ್ಡ ಸಂಪಿಗೆ ಮರ. ವಯಸ್ಸು ಒಂದು ಸಂದೇಶದಲ್ಲಿ 600, ಇನ್ನೊಂದರಲ್ಲಿ 2000. ಜೊತೆಗೆ, ರಾಜರು ಬಂದು ಹೋಗಿದ್ದನ್ನೆಲ್ಲ ಈ ಮರ ನೋಡಿದೆ, ನೆನಪಿಟ್ಟುಕೊಂಡಿದೆ ಎಂಬ ಮಾತು.

ಮರ ನಿಜ. ಸೋಲಿಗರಿಗೆ ಅದು ದೇವರು, ಬುಡದಲ್ಲಿ ಪೂಜೆಗೊಳ್ಳುವ ಕಲ್ಲುಗಳಿವೆ. ಆದರೆ ‘ಎಲ್ಲ ನೋಡಿದ ಅಜ್ಜ’ ಎಂಬ ಕಲ್ಪನೆ ಕಾಡಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಕಥೆಗಳಿಂದ ಬಂದದ್ದು.

ಕಥೆಗಾರರಿಗೆ ಮರ ಎಂದರೆ ನಿಧಾನ. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಮರದಂಥ ಜೀವಿಗಳು ಸಭೆ ಸೇರಿದರೆ ಮಾತು ಮುಗಿಯಲು ಮೂರು ದಿನ ಬೇಕು. ಮನುಷ್ಯರದ್ದು ಅವುಗಳ ಕಣ್ಣಿಗೆ ಬರೀ ಅವಸರ. ಇದಕ್ಕೆ ಅಡ್ಡಮಾತು ಹೇಳಿದವರು ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್. 1973ರ ಅವರ ಒಂದು ಸಣ್ಣ ಕಥೆಯನ್ನು ರಸ್ತೆ ಬದಿಯ ಓಕ್ ಮರವೇ ಹೇಳುತ್ತದೆ. ಕಾರು ಅದಕ್ಕೆ ಬಡಿದು ಸಾಯುವವನು ಕೊನೆಗಳಿಗೆಯಲ್ಲಿ ಆ ಮರದಲ್ಲಿ ಶಾಶ್ವತವನ್ನೇ ಕಾಣುತ್ತಾನೆ. ಮರಕ್ಕೆ ಸಿಟ್ಟು ಬರುತ್ತದೆ: ತಾನೂ ಸಾಯುವ ಜೀವಿಯೇ, ಆ ಹೊರೆ ತನಗೇಕೆ ಎಂದು. ನಮ್ಮ ಫಾರ್ವರ್ಡ್‌ಗಳು ದೊಡ್ಡ ಸಂಪಿಗೆಯ ಮೇಲೆ ಹೊರಿಸುವುದೂ ಅದೇ ಹೊರೆ.

ಕನ್ನಡದ ಹೆಂಗಸರು ಹೇಳಿಕೊಂಡು ಬಂದ ಹೂಗಿಡವಾಗುವ ಹುಡುಗಿಯ ಕಥೆ ಇನ್ನೂ ಬೇರೆ ದಾರಿ ಹಿಡಿಯುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದ ಕಥೆ ಇದು. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಇಲ್ಲಿ ಮರಕ್ಕೆ ಸಾವಿರ ವರ್ಷವಿಲ್ಲ, ಇರುವುದು ಹೂ ಕೀಳುವಷ್ಟು ಹೊತ್ತು. ಆದರೆ ಕೊಂಬೆ ಮುರಿದರೆ ಅವಳ ಮೈಯೇ ಊನ. ಈ ಮಾತು ವಿಜ್ಞಾನಕ್ಕೆ ಅಚ್ಚರಿಯಷ್ಟು ಹತ್ತಿರ. ನಮ್ಮ ಚರ್ಮದಂತೆ ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ. ಕೊಳೆತ ಹಬ್ಬದಂತೆ ಸುತ್ತ ತಡೆಗೋಡೆ ಕಟ್ಟಿ, ಮೇಲೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಹಳೇ ಗಾಯ ಒಳಗೆ ಹಾಗೇ ಉಳಿಯುತ್ತದೆ. ಮರಕ್ಕೆ ‘ನೆನಪು’ ಎನ್ನುವುದಿದ್ದರೆ ಹೀಗೆ, ರಾಜರ ಮೆರವಣಿಗೆಯದ್ದಲ್ಲ.

ಹಾಗಾದರೆ ಮರಕ್ಕೆ ಹೊತ್ತು ಗೊತ್ತಾಗುವುದಿಲ್ಲವೇ?

ಚೆನ್ನಾಗಿ ಗೊತ್ತಾಗುತ್ತದೆ, ಅದೂ ಗಂಟೆಗಳ ಲೆಕ್ಕದಲ್ಲಿ. ಸಂಜೆ ಹುಣಸೆ ಮರ ನೋಡಿ, ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡಿರುತ್ತವೆ. (ಹುಣಸೆಯ ದೆವ್ವಕ್ಕೂ ಇದಕ್ಕೂ ನಂಟು ಹುಡುಕಬೇಡಿ.) ಇದು ಬರೀ ಕತ್ತಲೆಯ ಪರಿಣಾಮವಲ್ಲ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಇಂಥದೇ ಎಲೆ ಮಡಚುವ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬೆಳಕಿಲ್ಲದಿದ್ದರೂ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮಡಚುತ್ತಲೇ ಇದ್ದವು. ಗಿಡಗಳೊಳಗೆ ಸುಮಾರು 24 ಗಂಟೆಯ ಗಡಿಯಾರವಿದೆ. ಹಗಲು ಎಷ್ಟು ಉದ್ದ ಎಂಬುದನ್ನೂ ಅವು ಅಳೆಯಬಲ್ಲವು.

ಇನ್ನೊಂದು ಸಂಗತಿ. ಹಳೆಯ ಮರದಲ್ಲಿ ಹಳೆಯದು ಬಹುಪಾಲು ಸತ್ತ ಭಾಗವೇ. ಒಳಗಿನ ಚೇಗು ಜೀವವಿಲ್ಲದ ಕಟ್ಟಿಗೆ. ಕಾಂಡ ದಪ್ಪವಾಗುವುದು ತೊಗಟೆಯ ಕೆಳಗಿನ ತೆಳುವಾದ ಪದರದಿಂದ. ಚಿಗುರಂತೂ ಈ ವರ್ಷದ್ದು.

ವಯಸ್ಸು ಹೇಳುವುದು ಹೇಗೆ?

ಕಾಂಡದ ಉಂಗುರ ಎಣಿಸಿ. ಮರ ಕಡಿಯಬೇಕಿಲ್ಲ, ಪೆನ್ಸಿಲ್‌ನಷ್ಟು ತೆಳ್ಳಗಿನ ತುಂಡು ಕೊರೆದು ತೆಗೆದರೆ ಸಾಕು. ಕ್ಯಾಲಿಫೋರ್ನಿಯಾದ ‘ಮೆಥುಸೆಲಾ’ ಎಂಬ ಪೈನ್ ಮರಕ್ಕೆ 4800 ವರ್ಷ ದಾಟಿದೆ ಎಂದು ಗೊತ್ತಾದದ್ದು ಹೀಗೆ. ನಮ್ಮಲ್ಲಿ ತೇಗದ ಉಂಗುರಗಳು ಸ್ಪಷ್ಟ, ಆದರೆ ವರ್ಷವಿಡೀ ಹಸಿರಾಗಿರುವ ಎಷ್ಟೋ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಎಂಬ ನಂಬಿಕೆ ಇಡುವಂತಿಲ್ಲ. ಮುದಿ ಮರಗಳ ಒಡಲು ಟೊಳ್ಳಾಗಿದ್ದರೆ ಮೊದಲ ವರ್ಷಗಳ ಲೆಕ್ಕವೇ ಇರುವುದಿಲ್ಲ. ಸುತ್ತಳತೆ ನೋಡಿ ಹೇಳುವುದು ಇನ್ನೂ ಅಂದಾಜು, ಹೊಳೆ ದಡದ ಮರ ಬೇಗ ದಪ್ಪಗಾಗಬಹುದು. ಹಾಗಾಗಿ 2000 ಎಂಬ ಸಂಖ್ಯೆಯನ್ನು ಫಾರ್ವರ್ಡ್ ಮಾಡಬೇಡಿ. ‘ಬಹಳ ಹಳೆಯ ಮರ’ ಎಂದರೆ ತಪ್ಪಾಗದು.

ಈ ಸಂಖ್ಯೆಯ ಹುಚ್ಚಿನಲ್ಲಿ ಫೋಟೋದ ಆಚೆಗಿರುವುದು ಕಾಣದೆ ಹೋಗುತ್ತದೆ ಎಂಬುದು ನಮ್ಮ ತಕರಾರು. ಬಿಳಿಗಿರಿರಂಗನ ಬೆಟ್ಟದಲ್ಲೂ ಮಲೆ ಮಹದೇಶ್ವರ ಬೆಟ್ಟದಲ್ಲೂ ಲಂಟಾನ ಪೊದೆ ನೆಲವನ್ನು ಮುಚ್ಚುತ್ತಿದೆ. ಹಿಂದೆ ಸೋಲಿಗರು ಒಣಗಿದ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿದ್ದು ಅದರಿಂದಲೇ ಎಂಬುದು ಸೋಲಿಗ ಹಿರಿಯರ ಮಾತು. ಪೊದೆ ದಟ್ಟವಾದ ಕಡೆ ಕಾಡುಮರಗಳ ಸಸಿ ಮೇಲೇಳುವುದು ಕಷ್ಟ. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನ ಕಡ್ಡಿ ಕಡಿದು ತಂದು, ಬೇಯಿಸಿ, ತೊಗಟೆ ಸುಲಿದು ಕುರ್ಚಿ ಹೆಣೆಯುತ್ತಾರೆ.