ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನವೂ ಗೇನ್ಸ್‌ಬರೋ ಕಲಹವೂ

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನು 1768ನೆಯ ಡಿಸೆಂಬರ್ 10ರಂದು ಅಂಕಿತಹಾಕಿದ ಶಾಸನಪತ್ರದಿಂದ ರಾಯಲ್ ಅಕಾಡೆಮಿಯು ಹುಟ್ಟಿತು. ವರ್ಷಕ್ಕೊಮ್ಮೆ ಪ್ರದರ್ಶನವು ನಡೆಯತಕ್ಕದ್ದೆಂದೂ, ಅದು ಯೋಗ್ಯತೆಯುಳ್ಳ ಕಲಾವಿದರೆಲ್ಲರಿಗೂ ತೆರೆದಿರಬೇಕೆಂದೂ ಅದರಲ್ಲಿ ವಿಧಿಸಿದ್ದಿತು. ಯೋಗ್ಯತೆಯನ್ನು ನಿರ್ಣಯಿಸುವವರು ಮಾತ್ರ ಅಕಾಡೆಮಿಯ ಸದಸ್ಯರೇ. 1769ರ ಮೊದಲ ಪ್ರದರ್ಶನದಲ್ಲಿ 136 ಕೃತಿಗಳಿದ್ದುವು.

ಆದರೆ ಆಯ್ಕೆಯೊಡನೆ ತೀರ್ಪು ಮುಗಿಯುತ್ತಿರಲಿಲ್ಲ. 1780ರಲ್ಲಿ ಪ್ರದರ್ಶನವು ಸಾಮರ್ಸೆಟ್ ಹೌಸಿಗೆ ಬಂದಮೇಲೆ, ಅಲ್ಲಿಯ ಹಿರಿಯ ಕೋಣೆಯ ಗೋಡೆಗಳಲ್ಲಿ ಸುಮಾರು 8 ಅಡಿ ಎತ್ತರದಲ್ಲಿದ್ದ ಪಟ್ಟಿಯೊಂದು ಎರಡನೆಯ ನ್ಯಾಯಾಧಿಪತಿಯಾಯಿತೆನ್ನಬಹುದು. ಚೌಕಟ್ಟಿಗೆ ಚೌಕಟ್ಟು ತಾಗುವಂತೆ ಚಿತ್ರಗಳನ್ನು ತುಂಬುತ್ತಿದ್ದ ಆ ಕೋಣೆಯಲ್ಲಿ ಈ ‘ಗೆರೆ’ಯನ್ನು ಮುಟ್ಟಿದ ಸ್ಥಾನಕ್ಕೇ ಮರ್ಯಾದೆ, ಬಹಳ ಮೇಲೇರಿದ ಚಿತ್ರವು ಇದ್ದೂ ಇಲ್ಲದಂತೆ. ಆಳೆತ್ತರದ ಭಾವಚಿತ್ರಗಳು ಗೆರೆಯ ಮೇಲೆಯೇ ಇರಬೇಕೆಂಬುದು ಕಟ್ಟಳೆ.

1784ರಲ್ಲಿ ಥಾಮಸ್ ಗೇನ್ಸ್‌ಬರೋ ಮೂವರು ಹಿರಿಯ ರಾಜಕುಮಾರಿಯರ ಚಿತ್ರವನ್ನು ಕಳುಹಿಸಿ, ಕೋಮಲವಾದ ಬಣ್ಣದಲ್ಲಿ ಬರೆದ ಅದನ್ನು ಐದೂವರೆ ಅಡಿಗಿಂತ ಎತ್ತರದಲ್ಲಿ ತೂಗಹಾಕಬಾರದೆಂದು ಕೇಳಿಕೊಂಡನು. ಸಮಿತಿಯವರು ಒಪ್ಪಲಿಲ್ಲ. ಒಬ್ಬನಿಗೆ ಸಡಿಲಿಸಿದ ಕಟ್ಟಳೆ ಎಲ್ಲರಿಗೂ ಸಡಿಲುವುದು ದಿಟ. ಆದರೂ ಕಣ್ಣಿಗೆ ಕಾಣದಂತೆ ತೂಗಿದ ಚಿತ್ರವನ್ನು ಪ್ರದರ್ಶಿಸಿತೆಂದು ಹೇಳುವುದು ಹೇಗೆ? ಸ್ಥಾಪಕಸದಸ್ಯನೇ ಆಗಿದ್ದ ಆತನು ಚಿತ್ರಗಳನ್ನು ಹಿಂದಕ್ಕೆ ಪಡೆದು, 1788ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಮತ್ತೆ ಪ್ರದರ್ಶಿಸದೆ, ಪಾಲ್‌ಮಾಲ್ ಬೀದಿಯ ತನ್ನ ಮನೆಯಲ್ಲಿಯೇ ತೋರಿಸುತ್ತ ಬಂದನು. ಆ ರಾಜಕುಮಾರಿಯರ ಚಿತ್ರವನ್ನಾದರೋ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಬಾಗಿಲ ಮೇಲ್ಗಡೆ ಕೂರಿಸುವುದಕ್ಕಾಗಿ ಕತ್ತರಿಸಿ ಕಿರಿದುಮಾಡಿದರು.