ಕೋಲಾರದ ಚಿನ್ನದ ಗಣಿಗಳು: ಕೆಲಸದ ನೆಲೆಯೂ ಕೆಲಸಗಾರನ ಮನೋಧರ್ಮವೂ

ಮನುಷ್ಯನು ತನ್ನ ಕೆಲಸದ ವಿಷಯದಲ್ಲಿ ತಳೆಯುವ ಭಾವವು ಅವನ ಹುಟ್ಟುಗುಣದಿಂದ ಬರುವುದೋ, ಇಲ್ಲವೆ ಅವನು ದುಡಿಯುವ ಸ್ಥಳದಿಂದಲೂ ಅಲ್ಲಿ ಅವನಿಗೆ ದೊರೆಯುವ ಆದರಾನಾದರಗಳಿಂದಲೂ ರೂಪುಗೊಳ್ಳುವುದೋ ಎಂಬುದು ಹಳೆಯ ಪ್ರಶ್ನೆ. ಹನ್ನೆರಡನೆಯ ಶತಮಾನದ ಶಿವಶರಣರು ದುಡಿಮೆಗೆ ‘ಕಾಯಕ’ವೆಂಬ ಹೆಸರನ್ನು ಬಳಸಿ ಅದಕ್ಕೆ ಪೂಜೆಯ ಘನತೆಯನ್ನು ಕೊಟ್ಟುದನ್ನು ನಾವೆಲ್ಲರೂ ಬಲ್ಲೆವು, ತರಗತಿಗಳಲ್ಲಿ ಅದನ್ನು ಬೋಧಿಸಿಯೂ ಇದ್ದೇವೆ. ಆದರೆ ಆ ಶಬ್ದದೊಳಗೆ ‘ಕಾಯ’ವಿದೆಯೆಂಬುದನ್ನು ಬೋಧಿಸುವಾಗ ಅನೇಕವೇಳೆ ಮರೆಯುತ್ತೇವೆ. ದುಡಿಯುವ ಕಾಯವು ಯಾವ ಗಾಳಿಯನ್ನು ಉಸಿರಾಡುವುದು, ಯಾವ ತಾಪವನ್ನು ಸಹಿಸುವುದು, ಯಾರ ಕಣ್ಗಾವಲಿನಲ್ಲಿ ನಿಲ್ಲುವುದು ಎಂಬುದನ್ನು ವಿಚಾರಿಸದೆ ದುಡಿಯುವವನ ಮನೋಧರ್ಮವನ್ನು ನಿರ್ಣಯಿಸುವುದು ನ್ಯಾಯವಲ್ಲ. ಈ ಮಾತನ್ನು ನಮ್ಮ ನಾಡಿನದೇ ಒಂದು ದೃಷ್ಟಾಂತದಿಂದ ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಕೋಲಾರ ಸೀಮೆಯಲ್ಲಿ ಚಿನ್ನ ತೆಗೆಯುವ ಕಸುಬು ಬಹಳ ಪುರಾತನವಾದುದು. ೧೮೦೨ ರಲ್ಲಿ ಮೈಸೂರು ಸಂಸ್ಥಾನದ ಮೂಡಣ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬವರು, ಮಾರಿಕುಪ್ಪದ ಆಸುಪಾಸಿನ ಜನರು ಗುಂಡಿಗಳಲ್ಲಿ ಇಳಿದು ಕಲ್ಲನ್ನು ತೆಗೆದು, ಕುಟ್ಟಿ, ತೊಳೆದು ಚಿನ್ನದ ಕಣಗಳನ್ನು ಸಂಪಾದಿಸುತ್ತಿದ್ದುದನ್ನು ವರದಿಮಾಡಿದರು. ೧೮೭೦ ರ ದಶಕದ ಮೊದಲಲ್ಲಿ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು ಅಗೆಯುವ ಹಕ್ಕನ್ನು ಸರಕಾರದಿಂದ ಪಡೆದನು. ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ೧೮೮೦ ರಲ್ಲಿ ಈ ಕಾರ್ಯಕ್ಕೆ ಕೈಹಾಕಿತು. ಕೆಲವು ವರ್ಷಗಳ ನಷ್ಟದ ತರುವಾಯ ಚಾಂಪಿಯನ್ ಪದರವು ಸಿಕ್ಕಿ, ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಪ್ರಸಿದ್ಧಿಗೆ ಬಂದುವು. ೧೯೦೨ ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಇಲ್ಲಿಗೆ ಹರಿಯಿತು. ಬೆಂಗಳೂರು ನಗರಕ್ಕೆ ಅದು ಬಂದುದು ೧೯೦೫ ರಲ್ಲಿ. ಜನರ ಮನೆಗಿಂತ ಮೊದಲು ಯಂತ್ರದ ಮನೆಗೆ ವಿದ್ಯುತ್ತು ಬಂದಿತೆಂಬುದನ್ನು ವಾಚಕರು ಗಮನಿಸಬೇಕು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಗಣಿಗಳಲ್ಲಿ ೨೦,೦೦೦ಕ್ಕೂ ಮಿಕ್ಕ ಜನರು ದುಡಿಯುತ್ತಿದ್ದರು. ಅವರಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ಬಡ ತಮಿಳರೂ ತೆಲುಗರೂ ಆಗಿದ್ದರು. ಅಸ್ಪೃಶ್ಯರೆಂದು ಊರಹೊರಗೆ ಇಡಲ್ಪಟ್ಟಿದ್ದ ಜಾತಿಗಳವರೇ ಹೆಚ್ಚು. ನೆಲದಡಿಯ ಕೆಲಸವು ಬಹುಮಟ್ಟಿಗೆ ಗುತ್ತಿಗೆದಾರರ ಕೈಯಲ್ಲಿತ್ತು. ಐರೋಪ್ಯ ಅಧಿಕಾರಿಗಳಿಗೆ ತೋಟಗಳುಳ್ಳ ಬಂಗಲೆಗಳು, ಕ್ಲಬ್ಬು, ಆಟದ ಬಯಲುಗಳಿದ್ದು, ಆ ಭಾಗಕ್ಕೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಂದಿತು. ಕೂಲಿಗಾರರಿಗೆ ಬಿದಿರುತಟ್ಟಿಯ ಗುಡಿಸಲುಗಳ ಸಾಲುಗಳು. ಒಂದು ಸಂಸಾರವೆಲ್ಲ ಒಂದೇ ಕೋಣೆಯಲ್ಲಿ.

ನೆಲದಡಿಯ ಸ್ಥಿತಿಯಾದರೋ ಇನ್ನೂ ಕಠಿನವಾದುದು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ೧೦,೦೦೦ ಅಡಿಗಳಿಗೂ ಕೆಳಗಿಳಿದು ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದಾಯಿತು. ಆ ಆಳದಲ್ಲಿ ಬಂಡೆಯ ತಾಪವು ಫ್ಯಾರನ್‌ಹೀಟ್ ಮಾನದಲ್ಲಿ ೧೪೦ ಅಂಶಗಳನ್ನೂ ಮೀರುತ್ತಿತ್ತು. ಮೇಲಿನ ಭಾರದಿಂದ ಹಿಂಡಿಹೋದ ಶಿಲೆಯು ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು. ಈ ಶಿಲಾಸ್ಫೋಟವನ್ನು ಗಣಿಯವರು ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದರು. ಇವೆರಡಕ್ಕಿಂತಲೂ ಮೆಲ್ಲಗೆ ಕೊಲ್ಲುವ ಶತ್ರುವೆಂದರೆ ಬೆಣಚುಕಲ್ಲನ್ನು ಕೊರೆಯುವಾಗ ಏಳುವ ಸೂಕ್ಷ್ಮವಾದ ಧೂಳು. ಅದು ಶ್ವಾಸಕೋಶದಲ್ಲಿ ನೆಲೆನಿಂತು ಅದನ್ನು ಗಡುಸಾಗಿಸುವುದು. ಹಲವು ವರ್ಷಗಳ ಮೇಲೆ ಏದುಸಿರು, ಕೆಮ್ಮು, ಬಲಹೀನತೆಗಳು ಕಾಣಿಸಿಕೊಳ್ಳುವುವು. ಕ್ಷಯವೂ ಸುಲಭವಾಗಿ ಕೂಡಿಕೊಳ್ಳುವುದು. ಸಿಲಿಕೋಸಿಸ್ ಎಂಬ ಈ ವ್ಯಾಧಿಯನ್ನು ಪರಿಹಾರಕ್ಕೆ ಅರ್ಹವೆಂದು ಮೈಸೂರು ಸರಕಾರವು ನಿಯಮಗಳ ಮೂಲಕ ಒಪ್ಪಿದುದು ೧೯೪೦ ರಲ್ಲಿ. ೧೯೪೭ ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತಪಾಸಣೆಗೆ ಒಳಗಾದ ೭,೦೦೦ಕ್ಕೂ ಮಿಕ್ಕ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗವು ತಗಲಿದ್ದುದು ಗೊತ್ತಾಯಿತು. ಗಣಿ ತೆರೆದು ಅಷ್ಟುಹೊತ್ತಿಗೆ ಎರಡು ತಲೆಮಾರುಗಳು ಕಳೆದಿದ್ದುವು.

ಇಂತಹ ನೆಲೆಯಲ್ಲಿ ದುಡಿಯುವವನು ಆಗಾಗ ಕೆಲಸ ತಪ್ಪಿಸಿಕೊಂಡರೆ, ಸುಗ್ಗಿಗೋ ಹಬ್ಬಕ್ಕೋ ಊರಿಗೆ ಹೋಗಿ ತಿಂಗಳುಗಟ್ಟಲೆ ನಿಂತರೆ, ಅದನ್ನು ಏನೆಂದು ಕರೆಯಬೇಕು? ಆ ಕಾಲದ ಒಡೆಯರ ವಾಡಿಕೆಯಂತೆ ಅದು ಆಲಸ್ಯ. ದೇಹಧರ್ಮವನ್ನು ಬಲ್ಲವರ ದೃಷ್ಟಿಯಲ್ಲಿ ಅದು ಕುದಿಯುವ ಬಂಡೆಯಿಂದ ಶರೀರವು ತಾನೇ ಬೇಡಿ ಪಡೆದ ವಿಶ್ರಾಂತಿ. ೧೯೩೦ ರ ದಶಕದಲ್ಲಿ ಕಂಪನಿಗಳೇ ಗಾಳಿಯನ್ನು ತಣ್ಣಗೆ ಮಾಡುವ ಯಂತ್ರಗಳನ್ನು ಸ್ಥಾಪಿಸಿದುವೆಂಬ ಸಂಗತಿಯನ್ನು ಇಲ್ಲಿ ನೆನೆಯಬೇಕು. ಆಲಸ್ಯವು ಕೂಲಿಗಾರನ ಜಾತಿಗುಣವೇ ಆಗಿದ್ದ ಪಕ್ಷದಲ್ಲಿ ಗಾಳಿಯನ್ನು ತಂಪುಮಾಡಿ ಪ್ರಯೋಜನವೇನಿತ್ತು?

ಶರೀರದ ಕಷ್ಟವೊಂದೇ ಆಗಿದ್ದರೆ ಈ ಚರಿತ್ರೆಯು ವೈದ್ಯರ ವಿಷಯವಾಗಿ ಮುಗಿಯುತ್ತಿತ್ತು. ಆದರೆ ಚಿನ್ನದ ಗಣಿಯಲ್ಲಿ ಪ್ರತಿಯೊಬ್ಬ ಕೂಲಿಗಾರನೂ ಕಳ್ಳನಾಗಿರಬಹುದೆಂಬ ಶಂಕೆಯು ಆಡಳಿತದ ತಳಹದಿಯಾಗಿತ್ತು. ೧೮೯೭ ರ ಗಣಿಗಳ ಶಾಸನವು ಈ ಶಂಕೆಗೆ ರಾಜಬಲವನ್ನು ಕೊಟ್ಟಿತು. ಮೈಯನ್ನು ತಡವಿ ಶೋಧಿಸುವುದು ನಿತ್ಯದ ವಿಧಿಯಾಯಿತು. ನೆಲದಡಿಗೆ ಇಳಿಯುವವನ ಕೈಗೆ ಸಂಖ್ಯೆಯುಳ್ಳ ಲೋಹದ ಕಡಗವು ಬಂದಿತು. ೧೯೩೦ ರಲ್ಲಿ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆಹೋಗಿ, ಎಲ್ಲ ಕೆಲಸಗಾರರ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿಡಲು ಹೊರಟಾಗ ಸಾವಿರಾರು ಜನರು ಕೆಲಸವನ್ನು ನಿಲ್ಲಿಸಿದರು. ಆಗ ಅವರಿಗೆ ಬಲವಾದ ಸಂಘವಿರಲಿಲ್ಲ. ತಾಪವನ್ನೂ ಧೂಳನ್ನೂ ಐವತ್ತು ವರ್ಷ ಸಹಿಸಿದವರು ಶಾಯಿ ಬಳಿದ ಹೆಬ್ಬೆರಳನ್ನು ಸಹಿಸಲಾರದೆ ಹೋದರು. ಈ ಮುಷ್ಕರವು ಕೂಲಿಯ ಕಾಸಿಗಿಂತ ಮಾನವನ್ನೇ ಹೆಚ್ಚಾಗಿ ಕುರಿತುದಾಗಿತ್ತೆಂದು ನನ್ನ ಅಭಿಪ್ರಾಯ. ಅಪರಾಧಿಗಳಿಂದ ಪಡೆಯುವ ಗುರುತನ್ನು ದುಡಿಯುವವರಿಂದ ಕೇಳಿದುದೇ ಅದರ ಮೂಲ.

ಇದೇ ಕಾಲದಲ್ಲಿ ಅಮೆರಿಕದ ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬ ಟೆಲಿಫೋನು ಉಪಕರಣಗಳ ಕಾರ್ಖಾನೆಯಲ್ಲಿ ಬೇರೊಂದು ಪ್ರಯೋಗವು ನಡೆಯುತ್ತಿತ್ತು. ೧೯೨೪ ರಲ್ಲಿ ದೀಪದ ಬೆಳಕಿಗೂ ಕೆಲಸದ ಪ್ರಮಾಣಕ್ಕೂ ಇರುವ ಸಂಬಂಧವನ್ನು ಅಳೆಯಲು ತೊಡಗಿದವರು, ಬೆಳಕಿನಿಂದ ಮಾತ್ರವೇ ಲೆಕ್ಕವು ಹೊಂದದಿದ್ದುದನ್ನು ಕಂಡು, ೧೯೨೮ ರಿಂದ ೧೯೩೦ ರ ವರೆಗೆ ೨೦,೦೦೦ಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಅವರ ಮಾತನ್ನು ಕೇಳಿದರು. ಅಲ್ಲಿಯೂ ಎಲ್ಲವೂ ಸರಿಯಾಗಿರಲಿಲ್ಲ. ಪ್ರಯೋಗದ ಕೋಣೆಯಲ್ಲಿ ಹೆಚ್ಚು ಮಾತನಾಡಿದ ಇಬ್ಬರು ಹೆಂಗಸರನ್ನು ತೆಗೆದು ಬೇರೆಯವರನ್ನು ಹಾಕಲಾಯಿತು. ಆ ಪ್ರಯೋಗದ ಫಲಿತಾಂಶಗಳನ್ನು ಅನಂತರದ ವಿದ್ವಾಂಸರು ಬಲವಾಗಿ ಆಕ್ಷೇಪಿಸಿಯೂ ಇದ್ದಾರೆ. ಆದರೂ ಅಲ್ಲಿ ಕೂಲಿಗಾರನ ಮಾತನ್ನು ಕೇಳಿದ ವರ್ಷಗಳಲ್ಲಿಯೇ ಇಲ್ಲಿ ಅವನ ಬೆರಳಚ್ಚನ್ನು ಕೇಳಿದರೆಂಬ ಹೋಲಿಕೆಯು ವಿಚಾರಾರ್ಹವಾಗಿದೆ. ಅಲ್ಲಿ ಕಾಗದದಲ್ಲಿ ದಾಖಲಾದ ಮನೋಭಾವವು ಇಲ್ಲಿ ಮುಷ್ಕರದ ರೂಪದಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ನೆಲೆಯು ಅಷ್ಟು ಘೋರವಾಗಿದ್ದರೆ ಜನರು ಆ ಗಣಿಗಳನ್ನು ದ್ವೇಷಿಸಬೇಕಾಗಿತ್ತಲ್ಲವೆ? ಸಂಗತಿಯು ಹಾಗಿಲ್ಲ. ೧೯೫೬ ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೆ ಬಂದು, ೧೯೭೨ ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಗಿ, ನಷ್ಟದ ದೆಸೆಯಿಂದ ೨೦೦೧ ರ ಫೆಬ್ರವರಿಯಲ್ಲಿ ಮುಚ್ಚಲ್ಪಟ್ಟಾಗ, ಅದನ್ನು ಪ್ರತಿಭಟಿಸಿದವರು ಕೆಲಸಗಾರರೇ. ಇಂದಿಗೂ ಆ ಊರಿನ ಸಾವಿರಾರು ಮಂದಿ ದಿನವೂ ಮುಂಜಾನೆ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿ ಇರುಳಿಗೆ ಹಿಂದಿರುಗುತ್ತಾರೆಯೇ ಹೊರತು ಊರನ್ನು ಬಿಟ್ಟಿಲ್ಲ. ಇದಕ್ಕೆ ಜೀವನೋಪಾಯವು ಒಂದು ಕಾರಣವೆಂಬುದು ನಿಜ. ಆದರೆ ಒಟ್ಟಿಗೆ ಗಂಡಾಂತರವನ್ನು ಎದುರಿಸಿದವರ ನಡುವೆ ಬೆಳೆಯುವ ಬಾಂಧವ್ಯವೂ, ಮೂರು ತಲೆಮಾರುಗಳಿಂದ ಕಲಿತ ಕೈಚಳಕದ ಹೆಮ್ಮೆಯೂ, ಹಳ್ಳಿಯ ಜಾತಿಕಟ್ಟಿನಿಂದ ತಪ್ಪಿಸಿಕೊಂಡು ಬಂದ ಸ್ವಾತಂತ್ರ್ಯವೂ ಕೂಡಿ ಆ ಸ್ಥಳವನ್ನು ಅವರದನ್ನಾಗಿ ಮಾಡಿದ್ದುವು. ಈ ಆಕ್ಷೇಪವು ನಮ್ಮ ಸಿದ್ಧಾಂತವನ್ನು ಕೆಡಿಸದೆ ಪೂರ್ಣಗೊಳಿಸುತ್ತದೆ. ಕೆಲಸದ ನೆಲೆಯೆಂದರೆ ಗಾಳಿ, ಬೆಳಕು, ತಾಪಗಳಷ್ಟೇ ಅಲ್ಲ. ಜೊತೆಗಾರರೂ, ಅವರಿಂದ ದೊರೆಯುವ ಮನ್ನಣೆಯೂ ಅದರಲ್ಲಿ ಸೇರಿವೆ. ಒಡೆಯರು ಕೊಡದ ಮನ್ನಣೆಯನ್ನು ಕೆಲಸಗಾರರು ಪರಸ್ಪರ ಕೊಟ್ಟುಕೊಂಡರು.

ಶರಣರ ಕಾಯಕದಲ್ಲಿ ದುಡಿಯುವವನು ತನ್ನ ಕೆಲಸಕ್ಕೆ ತಾನೇ ಒಡೆಯನು. ಅವನ ಕಸುಬು ಎಷ್ಟೇ ಸಣ್ಣದಾದರೂ ಶರಣರ ಗೋಷ್ಠಿಯಲ್ಲಿ ಅವನಿಗೆ ಸಮನಾದ ಪೀಠವಿತ್ತು. ಆ ಪೀಠವನ್ನು ಕಿತ್ತುಕೊಂಡು ಶ್ರದ್ಧೆಯೊಂದನ್ನೇ ಕೇಳುವವರು ಕಾಯಕದ ಹೆಸರನ್ನು ದುರುಪಯೋಗಮಾಡುತ್ತಾರೆ. ಕೋಲಾರದ ನೆಲದಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನವು ಹೊರಬಂದಿತೆಂದು ಲೆಕ್ಕವಿದೆ. ಅದನ್ನು ತೆಗೆದ ಕೈಗಳಿಗೆ ಕಡಗ ತೊಡಿಸಿದ ವಿಷಯವನ್ನೂ, ತೆಗೆದವರ ಎದೆಯಲ್ಲಿ ಉಳಿದ ಧೂಳಿನ ವಿಷಯವನ್ನೂ ಕಾಯಕವನ್ನು ಕುರಿತ ನಮ್ಮ ಪಾಠದಲ್ಲಿ ಸೇರಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇನೆ.