ಕಾಕತಿಯ ಮಗಳು

ನಾನಾಗ ಏಳನೆಯ ಇಯತ್ತೆಯಲ್ಲಿದ್ದೆ. ರಾಮದುರ್ಗದಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದ ಅಪ್ಪ ಮಗ್ಗಕ್ಕೆ ಬಿಡುವಿದ್ದ ಒಂದು ದಿನ ನನ್ನನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋದ. (ನಮ್ಮ ಕಡೆ ಅಪ್ಪನಿಗೆ ಬಹುವಚನ ಹಚ್ಚಿದರೆ ಅವನು ಪರಕೀಯನಾಗುತ್ತಾನೆ, ಓದುಗರು ಮನ್ನಿಸಬೇಕು.) ಸವದತ್ತಿಯ ಮೇಲೆ ಹಾಯ್ದು ಹೋಗುವ ಬಸ್ಸು. ಪಾಠದಲ್ಲಿ ಓದಿದ ಕಿತ್ತೂರು ಚೆನ್ನಮ್ಮನ ಸಮಾಧಿಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದವಳು ನಾನೇ. ಸಮಾಧಿಯ ಮುಂದೆ ನಿಂತು, ಗುರುಗಳು ಕಲಿಸಿದುದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ: ಮಲ್ಲಸರ್ಜ ದೇಸಾಯಿಯ ಹೆಂಡತಿ, ಶಿವಲಿಂಗಪ್ಪನ ದತ್ತಕ, ಥ್ಯಾಕರೆಯ ಸಾವು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಖರೆ ಯವ್ವಾ. ಆದ್ರ ಆಕಿ ಯಾರ ಮಗಳು?" ಎಂದ.

ನನಗೆ ಉತ್ತರ ತಿಳಿದಿರಲಿಲ್ಲ.

ಉತ್ತರವೇನೋ ಕಠಿಣವಾದುದಲ್ಲ. ಚೆನ್ನಮ್ಮ ಹುಟ್ಟಿದುದು 1778ರಲ್ಲಿ, ಬೆಳಗಾವಿಯ ಬಳಿಯ ಕಾಕತಿಯಲ್ಲಿ. ತಂದೆ ಅಲ್ಲಿಯ ಧೂಳಪ್ಪ ದೇಸಾಯಿ. ಕುದುರೆಸವಾರಿ, ಕತ್ತಿವರಸೆ, ಬಿಲ್ವಿದ್ಯೆಗಳನ್ನು ಅವಳು ತವರಿನಲ್ಲಿಯೇ ಕಲಿತಳೆಂದು ನಾಡು ನಂಬಿ ಬಂದಿದೆ. ಆದರೆ ಅವಳ ತಂದೆಯ ವಿಷಯದಲ್ಲಿ ಇತಿಹಾಸದ ಪುಸ್ತಕಗಳು ಈ ಒಂದೆರಡು ವಾಕ್ಯಗಳನ್ನು ದಾಟುವುದು ಕಡಿಮೆ. ಏಕೆ? ಕಾರಣ 1824ರ ವ್ಯಾಜ್ಯದಲ್ಲಿಯೇ ಇದೆ. ಮಲ್ಲಸರ್ಜ 1816ರಲ್ಲಿ ತೀರಿಕೊಂಡಿದ್ದ. ಅವನ ಮಗ ಶಿವಲಿಂಗರುದ್ರಸರ್ಜನೂ 1824ರ ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚಿದಾಗ, ದತ್ತಕವನ್ನು ಕುಂಪಣಿ ಸರಕಾರ ಒಪ್ಪಲಿಲ್ಲ. ಸಂಸ್ಥಾನದ ಅಳಿವು ಉಳಿವು ನಿಂತದ್ದು ಎರಡೇ ಪ್ರಶ್ನೆಗಳ ಮೇಲೆ: ಅವಳು ಯಾರ ವಿಧವೆ, ಯಾರ ತಾಯಿ? ಯಾರ ಮಗಳೆಂಬುದು ಯಾವ ದಫ್ತರಕ್ಕೂ ಬೇಕಾಗಿರಲಿಲ್ಲ. ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ; ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ಚೆನ್ನಮ್ಮ ತೀರಿಕೊಂಡಳು. ಅಲ್ಲಿಂದ ಕಾಕತಿ ಕುದುರೆ ಏರಿದವರಿಗೆ ದೂರವಲ್ಲ. ಸೆರೆಯಲ್ಲಿದ್ದವಳಿಗೆ ಅದೆಷ್ಟು ದೂರವಿದ್ದಿತು!

ನೂರು ವರ್ಷಗಳ ತರುವಾಯದ ಇನ್ನೊಂದು ಸೆರೆಮನೆ ನೆನಪಾಗುತ್ತದೆ. 1928ರಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಇಂದಿರೆಗೆ ಪತ್ರ ಬರೆಯತೊಡಗಿದ ಜವಾಹರಲಾಲ ನೆಹರೂ, 1930ರಿಂದ 1933ರವರೆಗೆ ಸೆರೆಮನೆಗಳಿಂದಲೇ ಅವಳಿಗೆ ಜಗತ್ತಿನ ಚರಿತ್ರೆಯನ್ನು ಪತ್ರರೂಪದಲ್ಲಿ ಬರೆದರು. ಅಲ್ಲಿ ತಂದೆ ಸೆರೆಯಲ್ಲಿ, ಲೇಖನಿ ಅವನ ಕೈಯಲ್ಲಿ. ಇಲ್ಲಿ ಮಗಳು ಸೆರೆಯಲ್ಲಿ. ಅವಳಿಂದ ನಮಗೆ ಬಂದದ್ದು ಪತ್ರವಲ್ಲ, ಅವಳನ್ನು ಕುರಿತ ಜನರ ಲಾವಣಿ. ಲಾವಣಿಗೆ ಬೇಕಾದವಳು ಕತ್ತಿ ಹಿಡಿದ ರಾಣಿ. ಆ ಕೈಗೆ ಮೊದಲು ಲಗಾಮು ಕೊಟ್ಟವನ ನೆನಪು ಅಲ್ಲಿ ಹಿಂದೆ ಸರಿಯುತ್ತದೆ.

ನಮ್ಮ ಬೀಸುವ ಪದಗಳಲ್ಲಿಯೂ ತವರೆಂದರೆ ಹೆಚ್ಚಾಗಿ ಹಡೆದವ್ವ, ಕರೆಯಲು ಬರುವ ಅಣ್ಣ. ಅಪ್ಪ ಜಗುಲಿಯ ಮೇಲೆ ಸುಮ್ಮನೆ ಕುಳಿತವನು. ಅವನಿಗೆ ಬಾಯಿ ಬಂದದ್ದು ಹೆಣ್ಣುಮಕ್ಕಳು ತಾವೇ ನೆನಪುಗಳನ್ನು ಬರೆಯತೊಡಗಿದ ಮೇಲೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ಹೆಸರಿಗೆ ಅಂಟಿದ 'ಹಾನಗಲ್ಲ' ತಾಯಿಯ ಕಡೆಯಿಂದ ಬಂದದ್ದು. ತಂದೆ ಚಿಕ್ಕೂರಾವ ನಾಡಿಗೇರರನ್ನು ಹುಡುಕುವವರು ಮಗಳ ಆತ್ಮಕಥನಕ್ಕೇ ಹೋಗಬೇಕು. ತಾರಿಣಿ ಚಿದಾನಂದ ಅವರ 'ಮಗಳು ಕಂಡ ಕುವೆಂಪು' ಎಂಬ ಹೆಸರಿನಲ್ಲಿಯೇ ಒಂದು ವಾದವಿದೆ. ಮಹಾಕವಿಯನ್ನು ಲೋಕವೆಲ್ಲ ಕಂಡಿತು. ಮನೆಯೊಳಗಿನ ತಂದೆಗೆ ಸಾಕ್ಷಿ ಮಗಳು.

ಹಾಗೆಂದು ಈ ಸಂಬಂಧಕ್ಕೆ ಅಕ್ಕರೆಯ ಬಣ್ಣವೊಂದನ್ನೇ ಬಳಿದರೆ ಚರಿತ್ರೆಗೆ ಅನ್ಯಾಯವಾದೀತು. ಅಂದು ನಮ್ಮ ಬಸ್ಸು ಹಾಯ್ದ ಸವದತ್ತಿಯ ಎಲ್ಲಮ್ಮನ ಗುಡ್ಡ ಲಕ್ಷಾಂತರ ಜನರ ಭಕ್ತಿಯ ನೆಲೆ ಅಹುದು. ಆದರೆ ಹೆತ್ತವರ ಹರಕೆಗಾಗಿ ಮುತ್ತು ಕಟ್ಟಿಸಿಕೊಂಡ ಎಳೆಯ ಹುಡುಗಿಯರ ನೆನಪೂ ಅದಕ್ಕೆ ಅಂಟಿಕೊಂಡಿದೆ. 1934ರಲ್ಲಿ ಮುಂಬಯಿ ಪ್ರಾಂತದ ಕಾಯಿದೆ, 1982ರಲ್ಲಿ ಕರ್ನಾಟಕದ ಕಾಯಿದೆ ಅದನ್ನು ನಿಷೇಧಿಸಿದವು. ಒಬ್ಬ ತಂದೆ ಮಗಳಿಗೆ ಲಗಾಮು ಕೊಟ್ಟ. ಇನ್ನೊಬ್ಬ ಮಗಳನ್ನೇ ಹರಕೆಗೆ ಕೊಟ್ಟ. ಎರಡೂ ಇದೇ ಸೀಮೆಯಲ್ಲಿ ನಡೆದವು. ಆ ಹುಡುಗಿಯರು ತಮ್ಮ ಅಪ್ಪಂದಿರ ಬಗೆಗೆ ಬರೆದರೆ ಅದನ್ನೂ ನಾವು ಓದಬೇಕಾದೀತು.

ಇನ್ನು ನನ್ನ ಅಪ್ಪನ ಮಾತು. ಧಾರವಾಡದಲ್ಲಿ ನಾನು ಎಂ.ಎ. ಓದುವಾಗ ತಿಂಗಳಿಗೊಮ್ಮೆ ರೊಟ್ಟಿಯ ಗಂಟು ಹೊತ್ತು ಬಂದು ವಸತಿಗೃಹದ ಬಾಗಿಲಲ್ಲಿ ನಿಲ್ಲುತ್ತಿದ್ದ. ಅಂಕಗಳನ್ನು ಎಂದೂ ಕೇಳಲಿಲ್ಲ, "ಊಟ ಸೇರತೈತೇನು?" ಎಂದು ಕೇಳಿ, ಸಂಜೆಯ ಬಸ್ಸಿಗೆ ತಿರುಗುತ್ತಿದ್ದ. ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣಿನ ಹೆಸರಿನ ನಡುವಣ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆಯಷ್ಟೆ. ನೌಕರಿಯ ಕಾಗದಗಳಲ್ಲಿ ನನ್ನದೂ ಹಾಗೆಯೇ ಬದಲಾಯಿತು. ಊರಿಗೆ ಹೋದಾಗ ಅದನ್ನು ಮಗ್ಗದ ಬಳಿ ಕುಳಿತು ಅಪ್ಪನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಲಾಳಿ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಬೈಲಹೊಂಗಲದ ಪ್ರಶ್ನೆ ನನಗೆ ಅರ್ಥವಾದದ್ದು ಆಗ. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಮುಂದೆ ಹೇಳಿದರಾಯಿತೆಂದುಕೊಂಡೆ, 2016ರಲ್ಲಿ ಅಪ್ಪ ಹೋದ.

ಈಗ ಪ್ರತಿವರ್ಷ ನಮ್ಮ ಕಾಲೇಜಿನಲ್ಲಿ ಚೆನ್ನಮ್ಮನ ಜಯಂತಿಗೆ ಭಾಷಣ ಬರೆದು ತರುವ ಹುಡುಗಿಯರು ಮಲ್ಲಸರ್ಜನಿಂದಲೇ ಆರಂಭಿಸುತ್ತಾರೆ. ನಾನು ಅವರನ್ನು ಅಲ್ಲಿಯೇ ತಡೆದು, ಮೊದಲ ಸಾಲನ್ನು ಬದಲಾಯಿಸಲು ಹೇಳುತ್ತೇನೆ: ಕಾಕತಿಯ ಧೂಳಪ್ಪ ದೇಸಾಯಿಯ ಮಗಳು ಚೆನ್ನಮ್ಮ. ಕಿತ್ತೂರಿನ ಕಥೆ ಆಮೇಲೆ.